ಹೊಡೆಯುವವನಿಗೆ ಬೇರೆ ಹೆಸರು ಬೇಡ

ಪತ್ರಿಕೆಗಳಲ್ಲಿ, ಟಿ.ವಿ. ಸುದ್ದಿಗಳಲ್ಲಿ ಒಂದು ಮಾತು ಪದೇ ಪದೇ ಕಣ್ಣಿಗೆ ಬೀಳುತ್ತಿದೆ: ‘ಸ್ಯಾಡಿಸ್ಟ್ ಗಂಡ’. ಅದರ ಜೊತೆಗೇ ಹುಟ್ಟಿದ ಇನ್ನೊಂದು ಮಾತು ‘ಸೈಕೋ ಪತಿ’. ಹೆಂಡತಿಯ ಮೈಯನ್ನು ಸಿಗರೇಟಿನಿಂದ ಸುಟ್ಟವನು, ಬೆಲ್ಟು ಬಿಚ್ಚಿ ಬಾರಿಸಿದವನು, ಕೋಣೆಯಲ್ಲಿ ಕೂಡಿಹಾಕಿ ಅನ್ನ ನೀರು ಕೊಡದೆ ಸತಾಯಿಸಿದವನು, ಎಲ್ಲರಿಗೂ ಇದೇ ಬಿರುದು. ಸುದ್ದಿಯನ್ನು ಕೊನೆಯವರೆಗೆ ಓದಿದರೆ ಕಟ್ಟಕಡೆಯ ಸಾಲಿನಲ್ಲಿ ಇನ್ನೊಂದು ವಿಷಯ ಅಡಗಿ ಕುಳಿತಿರುತ್ತದೆ. ತವರಿನಿಂದ ಸೈಟು ಬರೆಸಿಕೊಂಡು ಬಾ ಎಂದಿದ್ದ, ಬೈಕಿಗೆ ದುಡ್ಡು ತಾ ಎಂದಿದ್ದ, ಒಡವೆ ಅಡವಿಟ್ಟು ತೀರಿಸಲಿಲ್ಲ. ತಲೆಬರಹದಲ್ಲಿ ಹುಚ್ಚು, ಕೊನೆಯ ಸಾಲಿನಲ್ಲಿ ಲೆಕ್ಕಾಚಾರ!

ಈ ಮಾತು ಪತ್ರಿಕೆಯಲ್ಲೇ ಉಳಿದಿಲ್ಲ. ಭಾರತೀನಗರದ ಸುತ್ತಮುತ್ತಲಿನ ನಮ್ಮ ಹಳ್ಳಿಗಳಲ್ಲೂ, ಸಂಘದ ವಾರದ ಸಭೆಯಲ್ಲೂ, ‘ಅವನೊಬ್ಬ ಸ್ಯಾಡಿಸ್ಟ್ ಕಣಕ್ಕ, ಏನು ಮಾಡೋಕಾಗುತ್ತೆ’ ಎಂಬ ಮಾತು ಕೇಳಿಬರುತ್ತಿದೆ. ಗೆಳತಿಯರೆ, ಈ ಮಾತನ್ನು ನಾವು ಬಾಯಿಂದ ತೆಗೆದುಹಾಕಬೇಕು ಎಂಬುದು ನನ್ನ ವಾದ. ‘ಏನು ಮಾಡೋಕಾಗುತ್ತೆ’ ಎಂಬ ಬಾಲ ಆ ಮಾತಿಗೆ ಅಂಟಿಕೊಂಡೇ ಬರುತ್ತದೆ. ಕಾಯಿಲೆ ಎಂದ ಮೇಲೆ ಯಾರನ್ನು ದೂರುವುದು? ಮಳೆ ಬಂತು, ಬರ ಬಂತು ಎಂದ ಹಾಗೆ ಅವನಿಗೆ ಹುಚ್ಚು ಬಂತು ಎಂದು ಸುಮ್ಮನಾಗುತ್ತೇವೆ.

ಹುಚ್ಚು ಹಿಡಿದವನು ಎದುರಿಗೆ ಬಂದವರಿಗೆಲ್ಲ ಹೊಡೆಯಬೇಕಲ್ಲವೆ? ನಮ್ಮ ಈ ‘ಸ್ಯಾಡಿಸ್ಟ್’ ಸಾಲ ಕೊಟ್ಟ ಸಾಹುಕಾರನಿಗೆ ಹೊಡೆಯುವುದಿಲ್ಲ. ಕೆಲಸ ಕೊಟ್ಟ ಮೇಸ್ತ್ರಿಗೆ ಹೊಡೆಯುವುದಿಲ್ಲ. ಠಾಣೆಯ ಮುಂದೆ ಕೈಕಟ್ಟಿ ನಿಲ್ಲುತ್ತಾನೆ. ಮನೆಯ ಬಾಗಿಲು ಹಾಕಿಕೊಂಡ ಮೇಲೆಯೇ ಅವನ ಕಾಯಿಲೆ ಏಳುತ್ತದೆ. ಆಗಲೂ ಸೆರಗು ಮುಚ್ಚುವ ಜಾಗ ನೋಡಿಕೊಂಡು ಹೊಡೆಯುತ್ತಾನೆ. ಇಷ್ಟು ಹಿಡಿತವಿರುವ ಕೈಗೆ ಹುಚ್ಚಿನ ಹೆಸರು ಏಕೆ?

ಈ ಮಾತು ಎಲ್ಲಿಂದ ಬಂತೆಂದು ತಿಳಿಯುವುದು ಒಳ್ಳೆಯದು. ಫ್ರಾನ್ಸ್ ದೇಶದಲ್ಲಿ ಮಾರ್ಕ್ವಿಸ್ ದ ಸಾದ್ ಎಂಬ ಶ್ರೀಮಂತನಿದ್ದ. 1740ರಲ್ಲಿ ಹುಟ್ಟಿ 1814ರಲ್ಲಿ ಸತ್ತ. ಬೇರೆಯವರಿಗೆ ನೋವು ಕೊಟ್ಟು ಸುಖಪಡುವುದನ್ನು ಪುಸ್ತಕಗಳಲ್ಲಿ ಬರೆದ. ಬರೆಯುವುದಕ್ಕೆ ಮೊದಲೇ ಮಾಡಿಯೂ ತೋರಿಸಿದ್ದ. 1768ರ ಈಸ್ಟರ್ ಹಬ್ಬದ ಭಾನುವಾರ, ಪ್ಯಾರಿಸ್ಸಿನ ಬೀದಿಯಲ್ಲಿ ಭಿಕ್ಷೆ ಬೇಡುತ್ತಿದ್ದ ರೋಸ್ ಕೆಲ್ಲರ್ ಎಂಬ ಬಡ ವಿಧವೆಯನ್ನು ಮನೆಗೆಲಸ ಕೊಡುತ್ತೇನೆಂದು ಊರಾಚೆಯ ತನ್ನ ಮನೆಗೆ ಕರೆದೊಯ್ದು, ಕಟ್ಟಿಹಾಕಿ ಚಾವಟಿಯಿಂದ ಹೊಡೆದ. ಆಕೆ ಕಿಟಕಿಯಿಂದ ಇಳಿದು ತಪ್ಪಿಸಿಕೊಂಡು ಹೋಗಿ ದೂರು ಕೊಟ್ಟಳು. ಆಮೇಲೆ ಏನಾಯಿತು? ಅವನ ಮನೆಯವರು ಹಣ ಕೊಟ್ಟು ದೂರು ವಾಪಸು ತೆಗೆಸಿದರು. ಅವನು ಕೆಲವು ತಿಂಗಳು ಸೆರೆಯಲ್ಲಿದ್ದು ಹೊರಗೆ ಬಂದ.

ಈ ಕಥೆ ನಿಮಗೆ ಹೊಸದೆನಿಸುತ್ತದೆಯೆ? ನಮ್ಮ ಊರಿನ ರಾಜಿ ಪಂಚಾಯಿತಿಯ ಹಾಗೆಯೇ ಇದೆ. ಮುಂದೆ 1886ರಲ್ಲಿ ಕ್ರಾಫ್ಟ್ ಎಬಿಂಗ್ ಎಂಬ ವೈದ್ಯ ಮನಸ್ಸಿನ ಕಾಯಿಲೆಗಳ ಬಗ್ಗೆ ಒಂದು ಪುಸ್ತಕ ಬರೆದ. ಅವನು ಶಾಸ್ತ್ರಕ್ಕೆ ತಂದ ಹೆಸರುಗಳಿಂದ ನೋವು ಕೊಡುವವನು ‘ಸ್ಯಾಡಿಸ್ಟ್’ ಆದ. ನೋವು ಬಯಸುವವನಿಗೆ ಮಾಸೋಕ್ ಎಂಬ ಲೇಖಕನ ಹೆಸರಿನ ಮೇಲೆ ‘ಮಾಸೋಕಿಸ್ಟ್’ ಎಂದು ಹೆಸರಾಯಿತು. ಹೊಡೆದವನ ಹೆಸರು ಜಗತ್ತಿನ ನಿಘಂಟುಗಳಿಗೆಲ್ಲ ಸೇರಿತು. ಏಟು ತಿಂದು, ಕಿಟಕಿ ಹಾರಿ, ದೂರು ಕೊಟ್ಟ ಧೈರ್ಯಸ್ಥೆಯ ಹೆಸರಿನಿಂದ ಒಂದು ಪದವೂ ಹುಟ್ಟಲಿಲ್ಲ.

ಇನ್ನು ವೇಷದ ಮಾತು. ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಕಪ್ಪು ಚರ್ಮದ ಬಟ್ಟೆ, ಮೊಣಕಾಲಿನವರೆಗೆ ಬೂಟು, ಕೊರಳಿಗೆ ಪಟ್ಟಿ, ಕೈಯಲ್ಲಿ ಚಾವಟಿ, ಇಂಥ ಚಿತ್ರಗಳು ಬೇಡವೆಂದರೂ ಎದುರಾಗುತ್ತವೆ. ನಮ್ಮ ಹುಡುಗ ಹುಡುಗಿಯರೂ ನೋಡುತ್ತಾರೆ. ಇದನ್ನು ಕಂಡು ಮುಖ ಸಿಂಡರಿಸಿ, ಪಾಶ್ಚಾತ್ಯ ವಿಕೃತಿ ಎಂದು ಬೈದು ಮುಗಿಸುವುದು ಸುಲಭ. ಆದರೆ ಒಂದು ವಿಷಯ ತಿಳಿದಿರಲಿ. ಹೊರದೇಶಗಳಲ್ಲಿ, ನಮ್ಮ ದೊಡ್ಡ ನಗರಗಳಲ್ಲೂ, ಒಪ್ಪಿಗೆಯಿಂದ ಹೀಗೆ ಇರುವ ಜನರಿದ್ದಾರೆ. ಒಬ್ಬರು ಒಡೆಯರ, ಇನ್ನೊಬ್ಬರು ಆಳಿನ ವೇಷ ಹಾಕುತ್ತಾರೆ. ಗಂಡಸೇ ಆಳಾಗುವುದೂ ಉಂಟು. ಅವರಲ್ಲಿ ಒಂದು ಕಟ್ಟುಪಾಡು ಇದೆ. ಏನು ಮಾಡಬಹುದು, ಏನು ಕೂಡದು ಎಂದು ಮೊದಲೇ ಕೂತು ಮಾತಾಡಿಕೊಳ್ಳುತ್ತಾರೆ. ಒಂದು ಪದವನ್ನು ಗೊತ್ತುಮಾಡಿಕೊಳ್ಳುತ್ತಾರೆ. ಆಳಾದವರು ಆ ಪದ ಹೇಳಿದ ಕ್ಷಣ ಒಡೆಯರಾದವರು ಕೈ ಇಳಿಸಬೇಕು. ಏಕೆ, ಏನು ಎಂದು ಕೇಳುವ ಹಾಗಿಲ್ಲ. ಆಟ ನಿಂತಿತು.

ಅವರ ದಾರಿ ಸರಿಯೋ ತಪ್ಪೋ ಎಂಬ ತೀರ್ಪು ನನ್ನ ಕೆಲಸವಲ್ಲ. ನಾನು ಕೇಳುವುದು ಇಷ್ಟೆ. ಚಾವಟಿ ಹಿಡಿದು ವೇಷ ಹಾಕಿದವರಿಗೂ ಒಂದು ‘ನಿಲ್ಲಿಸು’ ಎಂಬ ಪದ ಇದೆ. ಅರಿಶಿನ ಕುಂಕುಮ ಹಚ್ಚಿ, ಬಂಧುಬಳಗದ ಎದುರು ಕೈಹಿಡಿದು ಕೊಟ್ಟ ಹೆಣ್ಣಿಗೆ ಅಂಥ ಒಂದು ಪದವನ್ನು ನಾವು ಕೊಟ್ಟಿದ್ದೇವೆಯೆ? ‘ಬ್ಯಾಡ ಕಣೋ, ಸಾಕು ಬುಡು’ ಎಂದು ಅವಳು ಸಾವಿರ ಸಲ ಹೇಳುತ್ತಾಳೆ. ಪಕ್ಕದ ಮನೆಗೂ ಕೇಳುತ್ತದೆ. ಯಾರ ಕೈ ಇಳಿಯುತ್ತದೆ?

ಸಿನಿಮಾ ಮತ್ತು ಕಾದಂಬರಿಗಳು ಆ ಜನರಿಂದ ವೇಷವನ್ನು ತೆಗೆದುಕೊಂಡವು, ಕಟ್ಟುಪಾಡನ್ನು ಬಿಟ್ಟವು. 2011ರಲ್ಲಿ ‘ಫಿಫ್ಟಿ ಶೇಡ್ಸ್ ಆಫ್ ಗ್ರೇ’ ಎಂಬ ಇಂಗ್ಲಿಷ್ ಕಾದಂಬರಿ ಬಂತು, ಲೋಕವೆಲ್ಲ ಓದಿತು. ಕೋಟ್ಯಧೀಶ ಯುವಕನೊಬ್ಬ ಹುಡುಗಿಯ ಊಟ, ಉಡುಪು, ಓಡಾಟ ಎಲ್ಲವನ್ನೂ ತನ್ನ ಹತೋಟಿಗೆ ತೆಗೆದುಕೊಳ್ಳುವುದನ್ನು ಪ್ರೇಮ ಎಂದು ಅದರಲ್ಲಿ ತೋರಿಸಲಾಗಿದೆ. ಅದು ಚಲನಚಿತ್ರವಾಗಿ ಬಂದಾಗ, 2015ರಲ್ಲಿ, ನಮ್ಮ ದೇಶದ ಸೆನ್ಸಾರ್ ಮಂಡಳಿ ಪ್ರಮಾಣಪತ್ರ ನಿರಾಕರಿಸಿತು. ಆದರೆ ನಾಯಕ ನಾಯಕಿಯ ಕೆನ್ನೆಗೆ ಬಾರಿಸಿ ಬುದ್ಧಿ ಕಲಿಸುವ ನಮ್ಮದೇ ಚಿತ್ರಗಳು ಎಷ್ಟು? ಅವೆಲ್ಲ ಮನೆಮಂದಿ ಕೂತು ನೋಡುವ ಚಿತ್ರಗಳೆಂದು ದಶಕಗಳಿಂದ ಓಡುತ್ತಿವೆ. ಕಪ್ಪು ಬಟ್ಟೆ ಹಾಕಿ ಹೊಡೆದರೆ ವಿಕೃತಿ, ಬಿಳಿ ಪಂಚೆ ಉಟ್ಟು ಹೊಡೆದರೆ ಸಂಸ್ಕೃತಿ!

ನಮ್ಮ ಚಿತ್ರಗಳಲ್ಲೂ ಇದಕ್ಕೊಂದು ವೇಷಭೂಷಣ ಉಂಟು, ನೀವೆಲ್ಲ ನೋಡಿದ್ದೀರಿ. ಮೊದಲರ್ಧದಲ್ಲಿ ನಾಯಕಿ ಶ್ರೀಮಂತರ ಮಗಳು, ಪ್ಯಾಂಟು ತೊಟ್ಟಿರುತ್ತಾಳೆ, ಕಪ್ಪು ಕನ್ನಡಕ ಹಾಕಿರುತ್ತಾಳೆ, ಕುದುರೆಯನ್ನೋ ಕಾರನ್ನೋ ಏರಿ ಬರುತ್ತಾಳೆ. ಕೆಲವು ಸಲ ಕೈಯಲ್ಲಿ ಹಂಟರ್ ಕೂಡ ಇರುತ್ತದೆ. ಆಳುಗಳನ್ನು ಗದರುತ್ತಾಳೆ. ಅವಳು ‘ಬಜಾರಿ’. ಮಧ್ಯದಲ್ಲಿ ಏಟು ಬೀಳುತ್ತದೆ, ಥಿಯೇಟರಿನಲ್ಲಿ ಸಿಳ್ಳೆ ಬೀಳುತ್ತದೆ. ಕೊನೆಯರ್ಧದಲ್ಲಿ ಅವಳಿಗೆ ಸೀರೆ, ತುರುಬು, ಮುಡಿತುಂಬ ಹೂವು. ತಲೆ ಬಗ್ಗಿಸಿ ಗಂಡನ ಕಾಲಿಗೆ ಬೀಳುತ್ತಾಳೆ. 1974ರ ‘ಸಂಪತ್ತಿಗೆ ಸವಾಲ್’, 1976ರ ‘ಬಹದ್ದೂರ್ ಗಂಡು’, 1989ರ ‘ನಂಜುಂಡಿ ಕಲ್ಯಾಣ’ ಇವೆಲ್ಲ ಜನ ಮುಗಿಬಿದ್ದು ನೋಡಿದ ಚಿತ್ರಗಳು. ಅವುಗಳ ಹಾಡು, ನಟನೆ, ತಮಾಷೆ ಬೇರೆ ಮಾತು. ಆದರೆ ಸೊಕ್ಕಿನ ಹೆಣ್ಣನ್ನು ಗಂಡು ದಾರಿಗೆ ತರಬೇಕು ಎಂಬ ದಾರ ಇವುಗಳಲ್ಲಿ ಒಂದೇ.

‘ನಂಜುಂಡಿ ಕಲ್ಯಾಣ’ದ ಮೂಲ ಪರ್ವತವಾಣಿಯವರ ‘ಬಹದ್ದೂರ್ ಗಂಡ’ ನಾಟಕ. ಅದರ ಮೂಲ ಷೇಕ್ಸ್‌ಪಿಯರ್ 1590ರ ದಶಕದ ಆರಂಭದ ಸುಮಾರಿಗೆ ಬರೆದ, ಗಯ್ಯಾಳಿಯನ್ನು ಪಳಗಿಸುವ ನಾಟಕ. ಆ ಇಂಗ್ಲಿಷ್ ನಾಟಕವನ್ನು ಸಾವಧಾನವಾಗಿ ಓದಿದರೆ ನಮ್ಮ ಸಂಘಕ್ಕೆ ಬರುವ ದೂರುಗಳ ಕಡತ ಓದಿದ ಹಾಗಾಗುತ್ತದೆ. ನಾಯಕ ಪೆಟ್ರೂಶಿಯೊ ಊರಿಗೆ ಬರುವುದೇ ದುಡ್ಡಿರುವ ಹೆಣ್ಣನ್ನು ಹುಡುಕಿಕೊಂಡು. ಕ್ಯಾಥರೀನಳನ್ನು ನೋಡುವ ಮೊದಲೇ ಅವಳ ಅಪ್ಪನ ಹತ್ತಿರ ವರದಕ್ಷಿಣೆಯ ಮಾತು ಮುಗಿಸುತ್ತಾನೆ: ಕೈಗೆ 20,000 ಕ್ರೌನ್, ಅಪ್ಪ ಸತ್ತ ಮೇಲೆ ಅರ್ಧ ಜಮೀನು. ಮದುವೆಯಾದ ಮೇಲೆ ಅವನು ಅವಳ ಮೇಲೆ ಕೈ ಎತ್ತುವುದಿಲ್ಲ. ಮಾಂಸ ಸೀದುಹೋಗಿದೆ ಎಂದು ತಟ್ಟೆ ಎಸೆದು ಅವಳನ್ನು ಉಪವಾಸ ಕೆಡವುತ್ತಾನೆ. ಹಾಸಿಗೆ ಸರಿಯಿಲ್ಲ ಎಂದು ಕಿತ್ತೆಸೆದು ರಾತ್ರಿಯೆಲ್ಲ ನಿದ್ದೆಗೆಡಿಸುತ್ತಾನೆ. ದರ್ಜಿ ಹೊಲಿದು ತಂದ ಉಡುಪನ್ನು ಅವಳು ಇಷ್ಟಪಟ್ಟರೂ ಹೀಗಳೆದು ವಾಪಸು ಕಳಿಸುತ್ತಾನೆ. ಬೇಟೆಯ ಗಿಡುಗವನ್ನು ಹೀಗೆಯೇ ಹಸಿವಿನಿಂದ, ನಿದ್ದೆಗೆಡಿಸಿ ಪಳಗಿಸುವುದು ಎಂದು ತಾನೇ ವಿವರಿಸುತ್ತಾನೆ. ಕೊನೆಗೆ ಅವಳು ಸೂರ್ಯನನ್ನು ಚಂದ್ರ ಎನ್ನಲೂ ಒಪ್ಪುತ್ತಾಳೆ. ಆಗ ಅಪ್ಪ ಖುಷಿಯಿಂದ ಇನ್ನೂ 20,000 ಕ್ರೌನ್ ಕೊಡುತ್ತಾನೆ, ಇವಳು ಬೇರೆಯೇ ಮಗಳಾದಳು, ಆದ್ದರಿಂದ ಬೇರೆ ವರದಕ್ಷಿಣೆ ಎಂದು!

ನೋಡಿದಿರಾ, ಪಳಗಿಸಿದವನಿಗೆ ಎರಡು ಸಲ ವರದಕ್ಷಿಣೆ. ನಾಟಕ ನೋಡಿ ನಕ್ಕವರು, ಸಿನಿಮಾ ನೋಡಿ ಸಿಳ್ಳೆ ಹಾಕಿದವರು ಈ ಲೆಕ್ಕವನ್ನು ಮರೆತರು. ಹಸಿವು, ನಿದ್ದೆ, ಬಟ್ಟೆ ಈ ಮೂರನ್ನು ಹಿಡಿದು ಒಬ್ಬಳ ಬುದ್ಧಿಯನ್ನೇ ಕದಲಿಸುವುದು ಹುಚ್ಚನ ಕೆಲಸವಲ್ಲ. ಅದು ಲಾಭ ತರುವ ಉದ್ಯೋಗ.

ಪರದೇಶದ ಮೇಲಷ್ಟೇ ಹಾಕಿ ನಾವು ಪಾರಾಗುವಂತಿಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಉದ್ದಾಲಕನ ಹೆಂಡತಿ ಚಂಡಿಯ ಕಥೆ ಇದೆ. ಹೇಳಿದ್ದಕ್ಕೆಲ್ಲ ತದ್ವಿರುದ್ಧ ಮಾಡುವವಳು, ಗಂಡನ ಶಾಪದಿಂದ ಕಲ್ಲಾದವಳು. ಇವತ್ತಿಗೂ ಹಟ ಮಾಡಿದ ಮಗುವಿಗೆ ‘ಚಂಡಿ ಹಿಡೀಬೇಡ’ ಎನ್ನುತ್ತೇವೆ. ಒಪ್ಪದ ಹೆಣ್ಣು ಕಲ್ಲಾಗಬೇಕು, ಇಲ್ಲವೇ ಮೆತ್ತಗಾಗಬೇಕು. ಮೂರನೆಯ ದಾರಿ ನಮ್ಮ ಕಥೆಗಳಲ್ಲಿ ಅಪರೂಪ. ತೇಜಸ್ವಿಯವರ ‘ಕಿರಗೂರಿನ ಗಯ್ಯಾಳಿಗಳು’ ಅಂಥ ಅಪರೂಪದ ಕಥೆ. ‘ಗಯ್ಯಾಳಿ’ ಎಂಬ ಬೈಗುಳವನ್ನೇ ಆ ಹೆಂಗಸರು ಕಿರೀಟದ ಹಾಗೆ ತೊಟ್ಟರು.

ನಮ್ಮ ಸೀಮೆಯ ಆಡುಮಾತನ್ನೇ ತೆಗೆದುಕೊಳ್ಳಿ. ‘ಮೂಗುದಾರ ಹಾಕು’, ‘ಲಗಾಮು ಬಿಗಿ ಮಾಡು’, ‘ಪಳಗಿಸು’, ‘ಹದ್ದುಬಸ್ತಿನಲ್ಲಿಡು’, ‘ನಾಕು ಬಿಟ್ರೆ ಸರಿಹೋಯ್ತಾಳೆ’. ಇವೆಲ್ಲ ದನದ ಕೊಟ್ಟಿಗೆಯಿಂದ ಅಡುಗೆಮನೆಗೆ ಬಂದ ಮಾತುಗಳು. ಆದರೆ ಎತ್ತಿಗೆ ಇರುವ ಬೆಲೆಯೂ ನಮಗಿಲ್ಲ. ಬೇಬಿ ಬೆಟ್ಟದ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿ ಹಿಡಿಯಬೇಕಾದರೆ ಕೊಳ್ಳುವವನು ದುಡ್ಡು ಎಣಿಸಬೇಕು. ಹೆಣ್ಣನ್ನು ಹಿಡಿದುಕೊಂಡು ಹೋಗುವವನಿಗೆ ಹೆಣ್ಣಿನವರೇ ದುಡ್ಡು ಎಣಿಸುತ್ತಾರೆ. ದುಡ್ಡು ಕೊಟ್ಟು ತಂದ ಎತ್ತಿನ ಕಾಲು ಮುರಿದರೆ ನಷ್ಟವೆಂದು ಬಾರುಕೋಲು ಮೆಲ್ಲಗೆ ಬೀಸುತ್ತಾರೆ. ಪುಕ್ಕಟೆ ಬಂದವಳ ಮೇಲೆ ಯಾವ ಲೆಕ್ಕ? ಅವಳು ಸತ್ತರೆ ಇನ್ನೊಬ್ಬಳು ಇನ್ನಷ್ಟು ತರುತ್ತಾಳೆ. ವರದಕ್ಷಿಣೆಗೂ ಏಟಿಗೂ ಇರುವ ನಂಟು ಇದೇ.

‘ಸಿನಿಮಾ ನೋಡಿ ಯಾರಾದರೂ ಹೆಂಡತಿಗೆ ಹೊಡೆಯುತ್ತಾರೆಯೆ ಮೇಡಂ?’ ಎಂದು ಕೇಳುವವರಿದ್ದಾರೆ. ಹೊಡೆಯುವುದನ್ನು ಕಲಿಸಲು ಸಿನಿಮಾ ಬೇಕಿಲ್ಲ, ನಿಜ. ಸಿನಿಮಾ ಕಲಿಸುವುದು ನೋಡುತ್ತ ನಿಂತವರಿಗೆ. ಏಟು ಬಿದ್ದಾಗ ಚಪ್ಪಾಳೆ ತಟ್ಟುವುದನ್ನು, ‘ಅವಳಿಗೂ ಸೊಕ್ಕಿತ್ತು ಬಿಡಿ’ ಎನ್ನುವುದನ್ನು, ಬಾಗಿಲು ಮುಚ್ಚಿಕೊಂಡು ಒಳಗೆ ಹೋಗುವುದನ್ನು ಅದು ಕಲಿಸುತ್ತದೆ. 2011ರಲ್ಲಿ ಕನ್ನಡದ ಒಬ್ಬ ದೊಡ್ಡ ನಾಯಕನಟ ಹೆಂಡತಿಯ ಮೇಲೆ ಹಲ್ಲೆ ಮಾಡಿದ ದೂರಿನ ಮೇಲೆ ಜೈಲು ಸೇರಿದಾಗ ಏನಾಯಿತು ನೆನಪಿಸಿಕೊಳ್ಳಿ. ನಿರ್ಮಾಪಕರ ಸಂಘ ನಿಷೇಧ ಹೇರಿದ್ದು ಅವನ ಮೇಲಲ್ಲ, ಸಂಸಾರ ಕೆಡಿಸಿದಳೆಂದು ಹೆಸರು ಹೊತ್ತ ಒಬ್ಬ ನಟಿಯ ಮೇಲೆ. ಪ್ರತಿಭಟನೆ ಎದ್ದ ಮೇಲೆ ನಿಷೇಧ ವಾಪಸಾಯಿತು. ಅವನು ಜೈಲಿನಲ್ಲಿದ್ದಾಗಲೇ ಬಿಡುಗಡೆಯಾದ ಅವನ ಚಿತ್ರವನ್ನು ಜನ ಗೆಲ್ಲಿಸಿದರು. 2019ರಲ್ಲಿ ಹಿಂದಿಯ ‘ಕಬೀರ್ ಸಿಂಗ್’ ಬಂದಾಗ ಅದರ ನಿರ್ದೇಶಕ ಸಂದರ್ಶನದಲ್ಲಿ, ಒಬ್ಬರಿಗೊಬ್ಬರು ಕೆನ್ನೆಗೆ ಹೊಡೆಯುವ ಸಲಿಗೆಯೇ ಇಲ್ಲದಿದ್ದರೆ ಅಲ್ಲಿ ಭಾವನೆಯೇ ಇಲ್ಲ ಎಂಬರ್ಥದ ಮಾತಾಡಿದ. ಏಟಿಗೆ ಪ್ರೀತಿಯ ವೇಷ ತೊಡಿಸುವುದೆಂದರೆ ಇದೇ.

ಇನ್ನೊಂದು ವಾದ ಇದಕ್ಕಿಂತ ಕ್ರೂರ. ‘ಅಷ್ಟು ಹೊಡೆದರೂ ಬಿಟ್ಟುಹೋಗುತ್ತಿಲ್ಲ, ಅವಳಿಗೇ ಅದು ಇಷ್ಟವಿರಬೇಕು’ ಎಂಬುದು. ಓದಿದವರೂ ಇದನ್ನೇ ಹೇಳಿದ್ದಾರೆ. 1964ರಲ್ಲಿ ಅಮೆರಿಕದ ಮನೋವೈದ್ಯರು ಹೊಡೆಯುವವರ ಹೆಂಡತಿಯರ ಬಗ್ಗೆ ಲೇಖನ ಬರೆದು, ನೋವು ಬಯಸುವ ಗುಣ ಆ ಹೆಂಗಸರಲ್ಲೇ ಇದೆ ಎಂದರು. 1980ರ ದಶಕದಲ್ಲಿ ಅಲ್ಲಿನ ಮನೋವೈದ್ಯರ ಸಂಘ ಈ ‘ಗುಣ’ವನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲು ಹೊರಟಿತು. ಹೆಂಗಸರು ಎದ್ದು ನಿಂತು ವಿರೋಧಿಸಿದರು. 1987ರಲ್ಲಿ ಹೆಸರು ಬದಲಿಸಿ ಪುಸ್ತಕದ ಅನುಬಂಧಕ್ಕೆ ತಳ್ಳಿದರು, 1994ರ ಆವೃತ್ತಿಯಲ್ಲಿ ಅದನ್ನು ಕೈಬಿಟ್ಟರು. ಒಂದು ಪದದ ಮೇಲೆ ಹೂಡಿದ ಹೋರಾಟ ಅದು, ಗೆದ್ದದ್ದು ಹೆಂಗಸರು. ನಮ್ಮ ಹೆಣ್ಣುಮಕ್ಕಳು ಏಕೆ ಬಿಟ್ಟುಹೋಗುವುದಿಲ್ಲ ಎಂದು ತಿಳಿಯಲು ಮನೋಶಾಸ್ತ್ರ ಬೇಕಿಲ್ಲ. ಪಹಣಿಯಲ್ಲಿ ಅವಳ ಹೆಸರಿಲ್ಲ. ಮದುವೆಯ ಸಾಲ ತೀರಿಸುತ್ತಿರುವ ಅಪ್ಪನ ಮನೆಯಲ್ಲಿ ಜಾಗವಿಲ್ಲ. ಮಕ್ಕಳು ಶಾಲೆಗೆ ಹೋಗುತ್ತಿವೆ. ಇಷ್ಟು ಸಾಕು.

ನಮ್ಮ ಮನೆಯ ಕನ್ನಡಿಯನ್ನೂ ನೋಡಿಕೊಳ್ಳೋಣ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 44.4ರಷ್ಟು ಮಂದಿ ಗಂಡನ ಹಿಂಸೆ ಅನುಭವಿಸಿದವರು. ನೂರಕ್ಕೆ ನಲವತ್ತನಾಲ್ಕು ಮನೆಗಳಲ್ಲಿ ‘ಸ್ಯಾಡಿಸ್ಟ್’ಗಳಿರಲು ಸಾಧ್ಯವೆ? ಅದೇ ಸಮೀಕ್ಷೆಯಲ್ಲಿ ಏಳು ಕಾರಣಗಳನ್ನು ಮುಂದಿಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೆ ಎಂದು ಕೇಳಲಾಯಿತು. ಹೇಳದೆ ಹೊರಗೆ ಹೋದರೆ, ಮನೆ ಮಕ್ಕಳನ್ನು ನೋಡಿಕೊಳ್ಳದಿದ್ದರೆ, ಎದುರು ಮಾತಾಡಿದರೆ, ಹಾಸಿಗೆಗೆ ಬರಲೊಲ್ಲೆ ಎಂದರೆ, ಅಡುಗೆ ಕೆಟ್ಟರೆ, ಶೀಲದ ಮೇಲೆ ಅನುಮಾನ ಬಂದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ. ಒಂದಕ್ಕಾದರೂ ಸರಿ ಎಂದವರು ಕರ್ನಾಟಕದ ಗಂಡಸರಲ್ಲಿ ಶೇ. 81.9, ಹೆಂಗಸರಲ್ಲಿ ಶೇ. 76.9. ಈ ಹೆಂಗಸರು ನೋವನ್ನು ಬಯಸಿದವರಲ್ಲ. ಚಿಕ್ಕಂದಿನಿಂದ ಕೇಳಿದ ಮಾತನ್ನೇ ತಿರುಗಿಸಿ ಒಪ್ಪಿಸಿದವರು. ‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂದು ನಮಗೆಲ್ಲ ಜೋಗುಳದಲ್ಲೇ ಕುಡಿಸಿದ್ದಾರೆ. ಉಣ್ಣಲು ಬಿಡದ, ಮಲಗಲು ಬಿಡದ ಜಗಳಕ್ಕೆ ಯಾವ ಗಾದೆ ಇದೆ?

ಕಾನೂನು ಅವಳಿಗೆ ಪದ ಕೊಟ್ಟಿದೆಯೆ? ಅರ್ಧ ಕೊಟ್ಟಿದೆ. 1983ರಲ್ಲಿ ಬಂದ 498-ಎ ಕಲಮು, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಾಗಿವೆ. ಗಂಡನಾಗಲಿ ಅವನ ಕಡೆಯವರಾಗಲಿ ಕ್ರೌರ್ಯ ಎಸಗಿದರೆ ಮೂರು ವರ್ಷದವರೆಗೆ ಜೈಲು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಮೈಮೇಲಿನ ಏಟನ್ನಷ್ಟೇ ಅಲ್ಲ, ಬೈಗುಳವನ್ನು, ಹಣ ಕಿತ್ತುಕೊಳ್ಳುವುದನ್ನು, ಲೈಂಗಿಕ ಹಿಂಸೆಯನ್ನೂ ದೌರ್ಜನ್ಯ ಎಂದು ಹೆಸರಿಟ್ಟು ಕರೆದಿದೆ. ಅವಳನ್ನು ಮನೆಯಿಂದ ಹೊರಹಾಕದಂತೆ ಆದೇಶ ಕೊಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗಿದೆ. ಆದರೆ ಹಾಸಿಗೆಯಲ್ಲಿ ಅವಳು ‘ಬೇಡ’ ಎಂದರೆ ಆ ಮಾತಿಗೆ ಹೊಸ ಸಂಹಿತೆಯಲ್ಲೂ ಬೆಲೆಯಿಲ್ಲ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಬಲಾತ್ಕಾರ ಮಾಡಿದರೆ ಅದು ಅತ್ಯಾಚಾರವಲ್ಲ ಎಂಬ ವಿನಾಯಿತಿಯನ್ನು ಅಲ್ಲಿ ಉಳಿಸಿಕೊಂಡಿದ್ದಾರೆ. 2022ರ ಮಾರ್ಚಿನಲ್ಲಿ ನಮ್ಮ ಹೈಕೋರ್ಟು ಇಂಥ ಒಂದು ಮೊಕದ್ದಮೆಯಲ್ಲಿ ಗಂಡನ ಮೇಲಿನ ಅತ್ಯಾಚಾರದ ಆರೋಪವನ್ನು ಕೈಬಿಡಲು ಒಪ್ಪಲಿಲ್ಲ. ಅದೇ ಜುಲೈನಲ್ಲಿ ಸುಪ್ರೀಂ ಕೋರ್ಟು ಆ ಆದೇಶಕ್ಕೆ ತಡೆ ಕೊಟ್ಟಿತು. ವೇಷ ಹಾಕಿ ಆಡುವವರಲ್ಲೂ ‘ನಿಲ್ಲಿಸು’ ಎಂದರೆ ನಿಲ್ಲುತ್ತದೆ. ತಾಳಿ ಕಟ್ಟಿಸಿಕೊಂಡವಳಿಗೆ ಆ ಹಕ್ಕನ್ನು ಕೊಡಲು ಸರ್ಕಾರಗಳೇ ಹಿಂಜರಿಯುತ್ತಿವೆ.

ಹಾಗಾದರೆ ಆ ಪದವನ್ನು ನಾವೇ ಕೊಡಬೇಕು. ಪ್ರತಿ ಸಂಘವೂ ಉಳಿತಾಯದ ಪುಸ್ತಕ ಇಟ್ಟ ಹಾಗೆ ಒಂದು ಮಾತನ್ನು ಗೊತ್ತುಮಾಡಿಕೊಳ್ಳಲಿ. ಸದಸ್ಯೆಯೊಬ್ಬಳು ಫೋನಿನಲ್ಲಿ ಆ ಮಾತು ಹೇಳಿದರೆ, ಮಗುವಿನ ಕೈಲಿ ಹೇಳಿಕಳಿಸಿದರೆ, ಏಕೆ ಏನು ಎಂದು ಕೇಳದೆ ನಾಲ್ಕು ಜನ ಅವಳ ಬಾಗಿಲಿಗೆ ಹೋಗಬೇಕು. ಜಗಳ ಆಡಲು ಹೋಗಬೇಕಿಲ್ಲ. ಸಕ್ಕರೆ ಕೇಳಲು ಹೋಗಿ, ಪಾಸ್‌ಬುಕ್ಕು ಕೇಳಲು ಹೋಗಿ. 2008ರಲ್ಲಿ ಆರಂಭವಾದ ‘ಬೆಲ್ ಬಜಾವೋ’ ಚಳವಳಿ ಹೇಳಿದ್ದು ಇದನ್ನೇ: ಏಟಿನ ಸದ್ದು ಕೇಳಿದರೆ ಬಾಗಿಲು ಬಡಿಯಿರಿ. ಹೊರಗಿನವರ ಕಣ್ಣು ಬಿದ್ದರೆ ಎಷ್ಟೋ ಕೈಗಳು ಇಳಿಯುತ್ತವೆ. ಇಳಿಯದಿದ್ದರೆ 112ಕ್ಕೆ ಕರೆ ಮಾಡಿ, ಮಹಿಳಾ ಸಹಾಯವಾಣಿ 181 ಇದೆ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳೇ 2005ರ ಕಾಯ್ದೆಯ ರಕ್ಷಣಾಧಿಕಾರಿಗಳು. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿಯ ದಾರಿ ತಿಳಿಯುತ್ತದೆ.

ಎರಡನೆಯದು, ರಾಜಿ ಪಂಚಾಯಿತಿಯಲ್ಲಿ ‘ಅವನ ಬುದ್ಧಿ ಸರಿಯಿಲ್ಲ, ಅನುಸರಿಸಿಕೊಂಡು ಹೋಗವ್ವ’ ಎಂದು ಯಾರೇ ಹೇಳಲಿ, ನೀವು ಎದ್ದು ಕೇಳಿ: ಬುದ್ಧಿ ಸರಿಯಿಲ್ಲದವನು ಸೈಟಿನ ಅಳತೆ ಹೇಗೆ ಕೇಳಿದ? ಹೊಡೆದ ದಿನ, ಹೊತ್ತು, ಕೇಳಿದ ಮೊತ್ತ, ಎಲ್ಲವನ್ನೂ ಸಂಘದ ಒಂದು ಪುಸ್ತಕದಲ್ಲಿ ಬರೆದಿಡಿ. ಆಸ್ಪತ್ರೆಯ ಚೀಟಿ ಜೋಪಾನ ಮಾಡಿ. ರೋಸ್ ಕೆಲ್ಲರಳ ದೂರನ್ನು ಹಣ ನುಂಗಿತು. ನಮ್ಮ ಹೆಣ್ಣಿನ ದೂರನ್ನು ಊರ ಮರ್ಯಾದೆ ನುಂಗಬಾರದು.

ಮೂರನೆಯದು, ನಾಲಿಗೆಯ ಕೆಲಸ. ಸ್ಯಾಡಿಸ್ಟ್, ಸೈಕೋ, ಮೃಗ, ರಾಕ್ಷಸ ಯಾವುದೂ ಬೇಡ. ಆ ಹೆಸರುಗಳೂ ವೇಷಗಳೇ, ಅವುಗಳ ಹಿಂದೆ ಅವನು ಅಡಗಿಕೊಳ್ಳುತ್ತಾನೆ. ಹೊಡೆಯುವವನನ್ನು ಹೊಡೆಯುವವನು ಎನ್ನಿ. ವರದಕ್ಷಿಣೆ ಕೇಳಿದವನನ್ನು ವರದಕ್ಷಿಣೆ ಕೇಳಿದವನು ಎನ್ನಿ. ಕೊಂದವನನ್ನು ಕೊಲೆಗಾರ ಎನ್ನಿ. ನಿಮ್ಮ ಸೊಸೆಯನ್ನು, ಮಗಳನ್ನು ‘ಬಜಾರಿ’ ಎಂದು ಯಾರಾದರೂ ಕರೆದರೆ, ಅವಳು ಯಾವುದಕ್ಕೆ ‘ಬೇಡ’ ಎಂದಳು ಎಂದು ಮೊದಲು ವಿಚಾರಿಸಿ. ಆ ‘ಬೇಡ’ ಊರಿಗೆಲ್ಲ ಕೇಳಿಸುವ ಹಾಗೆ ಅವಳ ಪಕ್ಕದಲ್ಲಿ ನಿಲ್ಲಿ.